ನಿಯಮ ಎಲ್ಲರಿಗೂ ಒಂದೇ, ಪೆಟ್ಟು ಯಾರಿಗೆ?

ಮಾನ್ಯ ಸಂಪಾದಕರೇ,

ಕಾನೂನಿಗೂ ಜನಾಂಗ ಭೇದಕ್ಕೂ ಇರುವ ನಂಟನ್ನು ಪರಿಶೀಲಿಸುವ ಅಮೆರಿಕದ ‘ಕ್ರಿಟಿಕಲ್ ರೇಸ್ ಥಿಯರಿ’ ಎಂಬ ಸಿದ್ಧಾಂತದ ಬಗ್ಗೆ ನಮ್ಮ ಕಡೆಯ ವಾಟ್ಸಪ್ ಗುಂಪುಗಳಲ್ಲೂ ಸಭೆಗಳಲ್ಲೂ ಎರಡು ಬಗೆಯ ಮಾತು ಓಡಾಡುತ್ತಿದೆ. ಬಿಳಿಯರ ಮಕ್ಕಳನ್ನು ಶಾಲೆಯಲ್ಲಿ ಕೂರಿಸಿ ‘ನೀವು ಹುಟ್ಟಾ ಪಾಪಿಗಳು’ ಎಂದು ಕಲಿಸುವ ಪಾಠ ಅದು ಎನ್ನುವುದು ಒಂದು. ಅಲ್ಲಿನ ಕಪ್ಪು ಜನರಿಗೆ ಆದದ್ದೇ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೂ ಆಗಿದೆ, ಆ ಸಿದ್ಧಾಂತವನ್ನು ಹಾಗೇ ಎತ್ತಿ ತಂದು ಇಲ್ಲಿಟ್ಟರೆ ಸಾಕು ಎನ್ನುವುದು ಇನ್ನೊಂದು. ಮೊದಲನೆಯದು ತಪ್ಪು, ಎರಡನೆಯದು ಅವಸರ. ಕಾನೂನು ಓದುವ, ಓದಿಸುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಬರೆದ ಈ ಪತ್ರ ಉದ್ದವಾಗಿದೆ. ಜಾಗ ಸಾಲದೆ ಕತ್ತರಿಸುವುದಾದರೆ ದಯವಿಟ್ಟು ಕೊನೆಯಿಂದ ಕತ್ತರಿಸಬೇಡಿ. ಕೆಲಸಕ್ಕೆ ಬರುವ ಭಾಗ ಅಲ್ಲಿದೆ.

ಈ ಸಿದ್ಧಾಂತ ಹುಟ್ಟಿದ್ದು ಪ್ರಾಥಮಿಕ ಶಾಲೆಯಲ್ಲಲ್ಲ, ಲಾ ಕಾಲೇಜುಗಳಲ್ಲಿ. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ನಡೆಸುವುದು ಸಂವಿಧಾನಬಾಹಿರ ಎಂದು ಅಮೆರಿಕದ ಸುಪ್ರೀಂ ಕೋರ್ಟು 1954ರ ಬ್ರೌನ್ ತೀರ್ಪಿನಲ್ಲಿ ಹೇಳಿತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರಲ್ಲಿ ಮತದಾನದ ಹಕ್ಕಿನ ಕಾಯ್ದೆ, 1968ರಲ್ಲಿ ವಸತಿ ಕಾಯ್ದೆ ಬಂದವು. ಕಾಗದದ ಮೇಲೆ ತಾರತಮ್ಯ ಮುಗಿಯಿತು. ಆದರೆ 1970ರ ದಶಕ ಮುಗಿಯುತ್ತ ಬಂದರೂ ಯಾರು ಯಾವ ಕೇರಿಯಲ್ಲಿದ್ದಾರೆ, ಯಾರಿಗೆ ಯಾವ ಕೆಲಸ, ಜೈಲಿನಲ್ಲಿ ಯಾರು ಹೆಚ್ಚು ಎಂಬುದು ಹೆಚ್ಚೇನೂ ಬದಲಾಗಲಿಲ್ಲ. ಕೆಟ್ಟ ಕಾನೂನು ಹೋದ ಮೇಲೂ ಕೆಟ್ಟ ಫಲ ಉಳಿದದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಡೆರಿಕ್ ಬೆಲ್, ಆ್ಯಲನ್ ಫ್ರೀಮನ್, ರಿಚರ್ಡ್ ಡೆಲ್ಗಾಡೊ, ಮಾರಿ ಮತ್ಸುಡಾ, ಕಿಂಬರ್ಲೆ ಕ್ರೆನ್‌ಶಾ ಮೊದಲಾದ ಕಾನೂನು ಪ್ರಾಧ್ಯಾಪಕರು. 1989ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ ನಡೆದ ಒಂದು ಕಾರ್ಯಾಗಾರದ ಹೊತ್ತಿಗೆ ಈ ಹೆಸರು ನಿಂತಿತು.

ಅವರ ಮೂಲ ಮಾತನ್ನು ಫ್ರೀಮನ್ 1978ರಲ್ಲೇ ಬರೆದಿದ್ದರು. ತಾರತಮ್ಯವನ್ನು ಮಾಡಿದವನ ಕಡೆಯಿಂದ ನೋಡಬಹುದು, ಅನುಭವಿಸಿದವನ ಕಡೆಯಿಂದಲೂ ನೋಡಬಹುದು. ಮಾಡಿದವನ ಕಡೆಯಿಂದ ನೋಡಿದರೆ ತಪ್ಪಿತಸ್ಥ ಯಾರು, ಅವನ ಮನಸ್ಸಿನಲ್ಲಿ ದ್ವೇಷ ಇತ್ತೇ ಎಂದು ಹುಡುಕುತ್ತೇವೆ. ಸಿಗದಿದ್ದರೆ ಕಡತ ಮುಚ್ಚುತ್ತೇವೆ. ಅನುಭವಿಸಿದವನಿಗಾದರೋ ಕೆಲಸ ಇಲ್ಲ, ಮನೆ ಇಲ್ಲ, ಒಳ್ಳೆಯ ಶಾಲೆ ಇಲ್ಲ. ಯಾರ ಮನಸ್ಸಿನಲ್ಲಿ ಏನಿತ್ತು ಎಂಬುದು ಅವನ ಹೊಟ್ಟೆಗೆ ಸಂಬಂಧಿಸಿದ್ದಲ್ಲ. ಅಂದರೆ ಈ ಸಿದ್ಧಾಂತ ‘ಎಲ್ಲ ಬಿಳಿಯರೂ ಕೆಟ್ಟವರು’ ಎನ್ನುವುದರ ವಿರುದ್ಧ ದಿಕ್ಕಿನಲ್ಲಿದೆ. ಕೆಟ್ಟವರೇ ಇಲ್ಲದ ಕಡೆಯೂ ಕೆಟ್ಟ ಫಲ ಬರುವುದು ಹೇಗೆಂದು ಕೇಳುವುದೇ ಅದರ ಕಸುಬು.

ಒಂದು ಮೊಕದ್ದಮೆಯನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಉತ್ತರ ಕ್ಯಾರೊಲಿನಾದಲ್ಲಿ ಡ್ಯೂಕ್ ಪವರ್ ಎಂಬ ವಿದ್ಯುತ್ ಕಂಪೆನಿಯ ಒಂದು ಸ್ಥಾವರ. ಅಲ್ಲಿ 95 ನೌಕರರು, ಅವರಲ್ಲಿ ಕಪ್ಪು ಜನ 14. ಅಷ್ಟೂ ಮಂದಿ ಕೂಲಿ ವಿಭಾಗಕ್ಕೆ ಮೀಸಲು. ಆ ವಿಭಾಗದ ಅತಿ ಹೆಚ್ಚಿನ ಸಂಬಳ ಉಳಿದ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತಲೂ ಕಡಿಮೆ. 1965ರ ಜುಲೈ 2ರಂದು ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ ಕಾನೂನು ಜಾರಿಗೆ ಬಂತು. ಅದೇ ದಿನ ಕಂಪೆನಿ ಹೊಸ ನಿಯಮ ತಂದಿತು: ಕೂಲಿ ವಿಭಾಗ ಬಿಟ್ಟು ಬೇರೆಲ್ಲಿಗೆ ಹೊಸದಾಗಿ ಸೇರಬೇಕಿದ್ದರೂ ಹೈಸ್ಕೂಲು ಪಾಸಾಗಿರಬೇಕು, ಜೊತೆಗೆ ಎರಡು ಲಿಖಿತ ಪರೀಕ್ಷೆ ದಾಟಬೇಕು. ನಿಯಮದಲ್ಲಿ ಬಣ್ಣದ ಹೆಸರೇ ಇಲ್ಲ. ಆದರೆ 1960ರ ಜನಗಣತಿಯ ಪ್ರಕಾರ ಆ ರಾಜ್ಯದಲ್ಲಿ ಹೈಸ್ಕೂಲು ಮುಗಿಸಿದ್ದವರು ಬಿಳಿಯ ಗಂಡಸರಲ್ಲಿ ಶೇ. 34, ಕಪ್ಪು ಗಂಡಸರಲ್ಲಿ ಶೇ. 12. ತಲೆಮಾರುಗಳಿಂದ ಅವರಿಗೆ ಕೊಟ್ಟಿದ್ದ ಶಾಲೆಗಳೇ ಕಳಪೆ. ಇದಕ್ಕಿಂತ ಮುಖ್ಯ ಸಂಗತಿ ಬೇರೆ ಇದೆ: ಹಿಂದೆ ಹೈಸ್ಕೂಲು ಮುಗಿಸದೆಯೇ ಒಳಗೆ ಸೇರಿದ್ದ ನೌಕರರು ಅದೇ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಂಡಿದ್ದರು. ಎಂದ ಮೇಲೆ ಆ ಪ್ರಮಾಣಪತ್ರಕ್ಕೂ ಕೆಲಸಕ್ಕೂ ಏನು ನಂಟು? 1971ರಲ್ಲಿ ಗ್ರಿಗ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಕಂಪೆನಿಯ ವಿರುದ್ಧ ತೀರ್ಪಿತ್ತಿತು. ಉದ್ದೇಶ ಒಳ್ಳೆಯದಿದ್ದರೂ ಸಾಲದು, ಫಲ ಒಂದು ಗುಂಪನ್ನು ಹೊರಗಿಡುತ್ತಿದ್ದರೆ ಆ ನಿಯಮ ಕೆಲಸಕ್ಕೆ ಬೇಕೇ ಬೇಕೆಂದು ಮಾಲೀಕನೇ ತೋರಿಸಬೇಕು ಎಂದಿತು.

ಅದು ಉದ್ಯೋಗ ಕಾಯ್ದೆಯಡಿಯ ತೀರ್ಪು. ಸಂವಿಧಾನದ ಸಮಾನತೆಯ ವಿಧಿಗೆ ಬಂದಾಗ ಅದೇ ಕೋರ್ಟು ಹಿಂದೆ ಸರಿಯಿತು. ವಾಷಿಂಗ್ಟನ್ ನಗರದ ಪೊಲೀಸ್ ನೇಮಕಾತಿಯ ಭಾಷಾ ಪರೀಕ್ಷೆಯಲ್ಲಿ ಕಪ್ಪು ಅಭ್ಯರ್ಥಿಗಳು ಬಿಳಿಯರ ನಾಲ್ಕು ಪಟ್ಟು ಪ್ರಮಾಣದಲ್ಲಿ ನಪಾಸಾಗುತ್ತಿದ್ದರು. 1976ರಲ್ಲಿ ಕೋರ್ಟು ಹೇಳಿದ್ದು, ಬರೀ ಫಲ ತೋರಿಸಿದರೆ ಆಗದು, ಉದ್ದೇಶ ಸಾಬೀತಾಗಬೇಕು ಎಂದು. 1987ರ ಮೆಕ್ಲೆಸ್ಕಿ ಪ್ರಕರಣ ಇನ್ನೂ ಕಠೋರ. ಜಾರ್ಜಿಯಾ ರಾಜ್ಯದ ಎರಡು ಸಾವಿರಕ್ಕೂ ಮಿಕ್ಕಿದ ಕೊಲೆ ಪ್ರಕರಣಗಳ ಅಧ್ಯಯನವೊಂದು ಕೋರ್ಟಿನ ಮುಂದಿತ್ತು. ಸತ್ತವನು ಬಿಳಿಯನಾದರೆ ಆರೋಪಿಗೆ ಮರಣದಂಡನೆ ಬೀಳುವ ಸಾಧ್ಯತೆ 4.3 ಪಟ್ಟು ಹೆಚ್ಚು ಎಂದು ಅದು ತೋರಿಸಿತ್ತು. ಕೋರ್ಟು ಅಂಕಿಅಂಶವನ್ನು ಅಲ್ಲಗಳೆಯಲಿಲ್ಲ. ಕಪ್ಪು ಆರೋಪಿ ಮೆಕ್ಲೆಸ್ಕಿಯ ವಿಷಯದಲ್ಲಿ ಪಕ್ಷಪಾತದ ಉದ್ದೇಶವಿತ್ತು ಎಂಬುದಕ್ಕೆ ಅದು ಸಾಲದು ಎಂದು 5-4ರಲ್ಲಿ ತಳ್ಳಿಹಾಕಿತು. ಆ ತೀರ್ಪು ಬರೆದ ನ್ಯಾಯಮೂರ್ತಿ ಪೊವೆಲ್ ನಿವೃತ್ತರಾದ ಮೇಲೆ, ತನ್ನ ಮತ ಬದಲಿಸಲು ಆಗುವುದಿದ್ದರೆ ಇದರಲ್ಲಿ ಬದಲಿಸುತ್ತಿದ್ದೆ ಎಂದರು. ಮೆಕ್ಲೆಸ್ಕಿಗೆ ಅದರಿಂದ ಏನೂ ಆಗಲಿಲ್ಲ. 1991ರಲ್ಲಿ ಶಿಕ್ಷೆ ಜಾರಿಯಾಯಿತು.

ಬಣ್ಣದ ಹೆಸರೆತ್ತದೆ ಕಾನೂನು ಹೇಗೆ ಬಣ್ಣ ಹುಡುಕುತ್ತದೆ ಎಂಬುದಕ್ಕೆ 1986ರ ಮಾದಕವಸ್ತು ಕಾಯ್ದೆ ಸಾಕು. ಕೊಕೇನ್ ಪುಡಿಯಾದರೆ 500 ಗ್ರಾಂಗೆ ಕನಿಷ್ಠ ಐದು ವರ್ಷ ಜೈಲು. ಅದೇ ಕೊಕೇನಿನಿಂದ ಮಾಡುವ, ಬಡ ಕೇರಿಗಳಲ್ಲಿ ಚಿಲ್ಲರೆಯಾಗಿ ಸಿಗುವ ಕ್ರ್ಯಾಕ್ ಆದರೆ 5 ಗ್ರಾಂಗೇ ಐದು ವರ್ಷ. ಕ್ರ್ಯಾಕ್ ಪ್ರಕರಣಗಳಲ್ಲಿ ಶಿಕ್ಷೆಯಾದವರಲ್ಲಿ ಬಹುಪಾಲು ಕಪ್ಪು ಜನ. ಈ 100ಕ್ಕೆ 1ರ ಅನುಪಾತವನ್ನು 18ಕ್ಕೆ 1 ಮಾಡಲು 2010 ಬರಬೇಕಾಯಿತು.

ಜನಾಂಗ ಎಂಬುದು ರಕ್ತದಲ್ಲಿಲ್ಲ, ಸಮಾಜವೂ ಕಾನೂನೂ ಸೇರಿ ಕಟ್ಟಿದ್ದು ಎಂಬುದು ಇವರ ಇನ್ನೊಂದು ಮಾತು. ಇದಕ್ಕೆ ಸಾಕ್ಷಿ ನಮ್ಮವನೇ ಒಬ್ಬನಿದ್ದಾನೆ. ಒಂದು ಕಾಲಕ್ಕೆ ಹೊರದೇಶದಿಂದ ಬಂದವನಿಗೆ ಅಮೆರಿಕದ ಪೌರತ್ವ ಸಿಗಬೇಕಾದರೆ ‘ಸ್ವತಂತ್ರ ಬಿಳಿಯ’ನಾಗಿರಬೇಕಿತ್ತು, 1790ರ ಕಾಯ್ದೆ ಅದು. ಆಫ್ರಿಕ ಮೂಲದವರಿಗೆ 1870ರಲ್ಲಿ ಅವಕಾಶವಾಯಿತು, ಏಷ್ಯಾದವರು ಮಾತ್ರ ಬಾಗಿಲ ಹೊರಗೇ ಉಳಿದರು. 1922ರಲ್ಲಿ ಜಪಾನಿನ ಟಕಾವೊ ಒಜಾವಾ ತನ್ನ ಚರ್ಮ ಬಿಳಿ ಎಂದಾಗ ಕೋರ್ಟು, ಚರ್ಮದ ಮಾತಲ್ಲ, ‘ಬಿಳಿಯ’ ಎಂದರೆ ಕಕೇಶಿಯನ್ ಕುಲದವನು ಎಂದಿತು. ಕೆಲವೇ ತಿಂಗಳಲ್ಲಿ, 1923ರಲ್ಲಿ, ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಸರದಿ. ಮಾನವಶಾಸ್ತ್ರದ ಪುಸ್ತಕಗಳ ಪ್ರಕಾರ ತಾನು ಕಕೇಶಿಯನ್ನೇ ಎಂದು ಅವರ ವಾದ. ಅದೇ ನ್ಯಾಯಮೂರ್ತಿ ಸದರ್ಲೆಂಡ್ ಈಗ, ಪುಸ್ತಕದ ಮಾತಲ್ಲ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ ಎಂದು ಅರ್ಜಿ ತಳ್ಳಿದರು. ಅಳತೆಗೋಲು ಬದಲಾಯಿತು, ಹೊರಗುಳಿಯುವವರು ಬದಲಾಗಲಿಲ್ಲ. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ. ಇದನ್ನು ಹೇಳುವಾಗ ನಮ್ಮವರು ಸಾಮಾನ್ಯವಾಗಿ ನುಂಗಿಬಿಡುವ ಒಂದು ಸಂಗತಿ ಇದೆ: ಥಿಂಡ್ ಪರವಾದ ವಾದದಲ್ಲಿ ‘ಮೇಲ್ಜಾತಿ ಹಿಂದು’ ಎಂಬುದೇ ಮುಖ್ಯ ಆಸರೆಯಾಗಿತ್ತು. ಅಮೆರಿಕದವನು ಕರಿಯರನ್ನು ಕಾಣುವ ಹಾಗೆಯೇ ಮೇಲ್ಜಾತಿಯವನೂ ತನ್ನ ನೆಲದ ಮೂಲನಿವಾಸಿಗಳನ್ನು ಮದುವೆಯ ಮಟ್ಟಿಗೆ ಕಾಣುತ್ತಾನೆ ಎಂದು ಕೋರ್ಟಿಗೆ ತಿಳಿಸಲಾಗಿತ್ತು. ಅನ್ಯಾಯಕ್ಕೊಳಗಾದವನ ಅರ್ಜಿಯಲ್ಲೂ ಇನ್ನೊಬ್ಬರ ಮೇಲಿನ ಅನ್ಯಾಯ ಅರ್ಹತೆಯಾಗಿ ನಮೂದಾಗಬಹುದು.

ಡೆರಿಕ್ ಬೆಲ್ 1980ರಲ್ಲಿ ಮುಂದಿಟ್ಟ ‘ಹಿತ ಕೂಡುವಿಕೆ’ಯ ವಾದ ಹೆಚ್ಚು ವಿವಾದದ್ದು. ಬಲವಿಲ್ಲದವರಿಗೆ ನ್ಯಾಯ ಸಿಗುವುದು ಬಲವಿದ್ದವರ ಹಿತವೂ ಅದರಲ್ಲಿ ಕೂಡಿದಾಗ ಮಾತ್ರ ಎಂದರು ಅವರು. ಬ್ರೌನ್ ಪ್ರಕರಣದಲ್ಲಿ ಅಮೆರಿಕ ಸರಕಾರವೇ 1952ರಲ್ಲಿ ಕೋರ್ಟಿಗೆ, ಜನಾಂಗ ಭೇದವು ಕಮ್ಯುನಿಸ್ಟರ ಪ್ರಚಾರಕ್ಕೆ ಸರಕಾಗುತ್ತಿದೆ ಎಂದು ಬರೆದುಕೊಟ್ಟದ್ದು ಅವರ ವಾದಕ್ಕೆ ಬಲ ಕೊಡುತ್ತದೆ. ಗಡಿನಾಡಿನವರಿಗೆ ಈ ಮಾತು ಬೇಗ ತಲೆಗೆ ಹೋದೀತು. ರಾಜ್ಯಗಳ ಗಡಿ ವಿವಾದ ಪರಿಶೀಲಿಸಿದ ಆಯೋಗದ 1967ರ ಮಹಾಜನ್ ವರದಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದಿತು. ‘ಮಹಾಜನ್ ವರದಿಯೇ ಅಂತಿಮ’ ಎಂದು ಬೆಂಗಳೂರು ಇವತ್ತಿಗೂ ಗಟ್ಟಿಯಾಗಿ ಹೇಳುವುದು, ಅದೇ ವರದಿ ಕರ್ನಾಟಕಕ್ಕೇ ಉಳಿಸಿದ ಬೆಳಗಾವಿಯ ಮಾತು ಬಂದಾಗ. ಆದರೂ ಈ ವಾದದಲ್ಲೊಂದು ದೋಷವಿದೆ. ನ್ಯಾಯ ಸಿಗದಿದ್ದರೆ ಹಿತ ಕೂಡಲಿಲ್ಲ, ಸಿಕ್ಕಿದರೆ ಕೂಡಿತು ಎಂದುಬಿಡಬಹುದು. ತಪ್ಪೆಂದು ತೋರಿಸಲಾಗದ ವಾದದಿಂದ ಮೊಕದ್ದಮೆ ಗೆಲ್ಲಲಾಗದು.

ಕ್ರೆನ್‌ಶಾ ಅವರ ಕೊಡುಗೆಯೇ ನಮ್ಮ ಮಟ್ಟಿಗೆ ಅತ್ಯಂತ ಉಪಯುಕ್ತ. ಜನರಲ್ ಮೋಟಾರ್ಸ್ ಕಂಪೆನಿಯ ಮೇಲೆ ಐವರು ಕಪ್ಪು ಮಹಿಳೆಯರು ಹೂಡಿದ ದಾವೆಯಿಂದ ಅವರು ಮಾತು ತೆಗೆದರು. 1964ಕ್ಕೆ ಮೊದಲು ಕಂಪೆನಿ ಕಪ್ಪು ಮಹಿಳೆಯರನ್ನು ಸೇರಿಸಿಕೊಂಡಿರಲೇ ಇಲ್ಲ. ಮುಂದೆ ಹಿಂಜರಿತ ಬಂದಾಗ ‘ಕೊನೆಗೆ ಬಂದವರು ಮೊದಲು ಹೊರಗೆ’ ಎಂಬ ಸೇವಾಹಿರಿತನದ ನಿಯಮದಂತೆ 1970ರ ಬಳಿಕ ಸೇರಿದ್ದ ಕಪ್ಪು ಮಹಿಳೆಯರೆಲ್ಲ ಹೊರಬಿದ್ದರು. 1976ರಲ್ಲಿ ಕೋರ್ಟು ಹೇಳಿದ್ದೇನು? ಕಂಪೆನಿಯಲ್ಲಿ ಹೆಂಗಸರಿದ್ದಾರೆ, ಆದ್ದರಿಂದ ಲಿಂಗ ತಾರತಮ್ಯ ಇಲ್ಲ. ಬಣ್ಣದ ದೂರಿದ್ದರೆ ಬೇರೆಯವರ ದಾವೆಯಲ್ಲಿ ಸೇರಿಕೊಳ್ಳಿ. ಎರಡನ್ನೂ ಕೂಡಿಸಿ ಹೊಸ ವರ್ಗ ಮಾಡಲಾಗದು. ಇದ್ದ ಹೆಂಗಸರು ಬಿಳಿಯರು, ಇದ್ದ ಕಪ್ಪು ನೌಕರರು ಗಂಡಸರು. ಎರಡು ಪಟ್ಟಿಯಲ್ಲೂ ಇಲ್ಲದವರು ಆ ಐವರು. 1989ರ ಲೇಖನದಲ್ಲಿ ಕ್ರೆನ್‌ಶಾ ಎರಡು ತಾರತಮ್ಯಗಳು ಹೀಗೆ ಒಬ್ಬರ ಮೇಲೆ ಅಡ್ಡಹಾಯುವ ಸ್ಥಿತಿಗೆ ‘ಇಂಟರ್‌ಸೆಕ್ಷನಾಲಿಟಿ’ ಎಂದು ಹೆಸರು ಕೊಟ್ಟರು. ಭಾರತದ ಸುಪ್ರೀಂ ಕೋರ್ಟು 2021ರಲ್ಲಿ, ಆಂಧ್ರಪ್ರದೇಶದ ಅಂಧ ದಲಿತ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ, ಇದೇ ಚಿಂತನೆಯನ್ನು ವಿವರವಾಗಿ ಎತ್ತಿಕೊಂಡಿದೆ.

ಟೀಕೆಗಳೂ ಇವೆ, ಅವು ರಾಜಕಾರಣಿಗಳ ಟೀಕೆಗಿಂತ ಗಟ್ಟಿಯಾದವು. ಹಾರ್ವರ್ಡಿನ ಕಪ್ಪು ಪ್ರಾಧ್ಯಾಪಕ ರ‍್ಯಾಂಡಲ್ ಕೆನಡಿ, ಬರೆದವನ ಬಣ್ಣದಿಂದಲೇ ಬರಹಕ್ಕೆ ಅಧಿಕಾರ ಬರುತ್ತದೆ ಎಂಬ ಧೋರಣೆಯನ್ನು 1989ರಲ್ಲೇ ಪ್ರಶ್ನಿಸಿದರು. ಸ್ವಂತ ಅನುಭವದ ಕಥನವನ್ನು ಸಾಕ್ಷ್ಯದ ಜಾಗದಲ್ಲಿ ಇಡುವುದನ್ನು ಇನ್ನು ಕೆಲವರು ಆಕ್ಷೇಪಿಸಿದರು. ಈ ಆಕ್ಷೇಪ ನ್ಯಾಯವಾದದ್ದೇ ಎಂದು ನಮ್ಮ ಅಭಿಪ್ರಾಯ. ಅನುಭವ ಪ್ರಶ್ನೆಯನ್ನು ಎತ್ತಿಕೊಡುತ್ತದೆ, ಉತ್ತರಕ್ಕೆ ಲೆಕ್ಕ ಬೇಕು. ಇನ್ನು ಶಾಲಾ ಪಠ್ಯದ ಗಲಾಟೆ: 2020ರ ಸೆಪ್ಟೆಂಬರಿನಲ್ಲಿ ಟ್ರಂಪ್ ಜನಾಂಗ ಭೇದದ ಬಗೆಗಿನ ಸರಕಾರಿ ತರಬೇತಿಗಳನ್ನು ನಿರ್ಬಂಧಿಸಿ ಆದೇಶ ಹೊರಡಿಸಿದರು, 2021ರ ಜನವರಿಯಲ್ಲಿ ಬೈಡನ್ ಅದನ್ನು ರದ್ದು ಮಾಡಿದರು, ಅದೇ ವರ್ಷ ಹಲವು ರಾಜ್ಯಗಳು ತರಗತಿಯಲ್ಲಿ ಏನು ಹೇಳಬಾರದೆಂದು ಕಾಯ್ದೆ ಮಾಡತೊಡಗಿದವು. ಗುಲಾಮಗಿರಿಯ ಇತಿಹಾಸದಿಂದ ಹಿಡಿದು ಕಚೇರಿಯ ತರಬೇತಿಯವರೆಗೆ ಎಲ್ಲಕ್ಕೂ ಒಂದೇ ಹಣೆಪಟ್ಟಿ ಬಿತ್ತು. ವಾಟ್ಸಪ್ಪಿನಲ್ಲಿ ನಮಗೆ ಬರುವುದು ಆ ಹಣೆಪಟ್ಟಿ ಮಾತ್ರ.

ಈಗ ಇದನ್ನು ಇಲ್ಲಿಗೆ ತರುವ ವಿಚಾರ. ಹಾಗೇ ತರಲಾಗದು ಎನ್ನಲು ಕಾರಣಗಳಿವೆ. ಅಮೆರಿಕದ ಜಗಳದ ಅರ್ಧಪಾಲು ‘ಸಂವಿಧಾನಕ್ಕೆ ಬಣ್ಣ ಕಾಣಿಸಬಾರದು’ ಎಂಬ ವಾದದ ಸುತ್ತ ಇದೆ. ವಿಶ್ವವಿದ್ಯಾಲಯ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವುದನ್ನು ಅಲ್ಲಿನ ಸುಪ್ರೀಂ ಕೋರ್ಟು 2023ರಲ್ಲಿ ನಿಲ್ಲಿಸಿದೆ. ನಮ್ಮ ಸಂವಿಧಾನ ಕಣ್ಣು ಮುಚ್ಚಿಕೊಂಡಿಲ್ಲ. ಕಾಸರಗೋಡು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲೇ, 1951ರಲ್ಲಿ, ಮದ್ರಾಸಿನ ಜಾತಿವಾರು ಕಾಲೇಜು ಸೀಟು ಹಂಚಿಕೆಯನ್ನು ರದ್ದು ಮಾಡಿದ ಚಂಪಕಂ ದೊರೈರಾಜನ್ ತೀರ್ಪಿನ ಬೆನ್ನಿಗೆ, ಹಿಂದುಳಿದವರಿಗೆ ವಿಶೇಷ ಅವಕಾಶ ಕೊಡಲು 15ನೇ ವಿಧಿಗೆ ನಾಲ್ಕನೇ ಉಪವಿಧಿ ಸೇರಿತು. 1976ರ ಕೇರಳ ಸರಕಾರ ಮತ್ತು ಎನ್.ಎಂ. ಥಾಮಸ್ ಪ್ರಕರಣದಲ್ಲಿ, ಪರಿಶಿಷ್ಟ ನೌಕರರಿಗೆ ಇಲಾಖಾ ಪರೀಕ್ಷೆ ಪಾಸಾಗಲು ಹೆಚ್ಚಿನ ಕಾಲಾವಕಾಶ ಕೊಟ್ಟದ್ದನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಉದ್ದೇಶ ಸಾಬೀತಾಗಬೇಕೆಂಬ ಹಟವೂ ಇಲ್ಲಿಲ್ಲ: ಸೈನ್ಯದ ಮಹಿಳಾ ಅಧಿಕಾರಿಗಳ 2021ರ ನಿತಿಶಾ ತೀರ್ಪು ಗ್ರಿಗ್ಸ್ ಪ್ರಕರಣವನ್ನೂ ಚರ್ಚಿಸಿ ಪರೋಕ್ಷ ತಾರತಮ್ಯವನ್ನು ಒಪ್ಪಿಕೊಂಡಿತು.

ಇನ್ನೊಂದು, ಭಾಷೆ ಜನಾಂಗವಲ್ಲ, ಜಾತಿಯೂ ಅಲ್ಲ. ಮಲಯಾಳ ಕಲಿಯಬಹುದು, ಚರ್ಮ ಬದಲಿಸಲಾಗದು. ಕನ್ನಡಿಗನಿಗೆ ಗಡಿಯ ತಲಪಾಡಿ ದಾಟಿದರೆ ತನ್ನದೇ ಭಾಷೆಯ ರಾಜ್ಯವಿದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ಬಳಿಕ ಇಲ್ಲಿನವರ ಮೇಲೆ ಬಿದ್ದ ಹೊರೆ ನಿಜ. ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡಿದ 2017ರ ಮಲಯಾಳ ಕಲಿಕಾ ಕಾಯ್ದೆಯಂಥವು ಕನ್ನಡ ಮಾಧ್ಯಮದ ಮಗುವಿಗೆ ಬೇರೆಯದೇ ತೂಕ ಹೊರಿಸುತ್ತವೆ ಎಂಬುದೂ ನಿಜ. ಆದರೆ ಅದನ್ನು ಗುಲಾಮಗಿರಿಯ ಪಕ್ಕ ನಿಲ್ಲಿಸಿದರೆ ಕೇಳುವವರು ನಕ್ಕಾರು.

ಇದೇ ಕಣ್ಣು ತಿರುವನಂತಪುರದ ಕಡೆಗೆ ಮಾತ್ರ ತಿರುಗಿದರೂ ಸಾಲದು. ಮಂಜೇಶ್ವರ ಕಡೆಯ, ಕೊರಗ ಬುಡಕಟ್ಟಿನ ಒಬ್ಬ ಹುಡುಗಿಯನ್ನು ತೆಗೆದುಕೊಳ್ಳಿ. ಮನೆಯಲ್ಲಿ ತುಳು ಅಥವಾ ಕೊರಗ ಭಾಷೆ, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ. ಭಾಷಾ ಅಲ್ಪಸಂಖ್ಯಾತರ ಮನವಿ ಬರೆಯುವವರು ಜಾತಿ ಕೇಳುವುದಿಲ್ಲ, ಬುಡಕಟ್ಟಿನ ಯೋಜನೆ ಮಾಡುವವರು ಮಾಧ್ಯಮ ಕೇಳುವುದಿಲ್ಲ. ಆ ಐವರು ಮಹಿಳೆಯರ ಹಾಗೆ ಅವಳೂ ಎರಡು ಪಟ್ಟಿಗಳ ನಡುವೆ ಬೀಳುತ್ತಾಳೆ. ಕೊರಗರಿಗೆ ಎಂಜಲು ತಿನ್ನಿಸುವ, ಉಗುರು ಕೂದಲು ಬೆರೆಸಿದ ಅನ್ನ ಉಣ್ಣಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಕಾಯ್ದೆ ಮಾಡಬೇಕಾಯಿತು. ಅದನ್ನು ನಡೆಸಿಕೊಂಡು ಬಂದವರು ಮಲಯಾಳಿಗಳಲ್ಲ, ತುಳು ಕನ್ನಡ ಮಾತಾಡುವ ಈ ಕರಾವಳಿಯವರೇ. ಗಡಿನಾಡ ಕನ್ನಡಿಗರ ಸಂಘಟನೆಗಳು ಈ ಸಿದ್ಧಾಂತವನ್ನು ಹಿಡಿಯುವುದಾದರೆ ಇಡಿಯಾಗಿ ಹಿಡಿಯಬೇಕಾಗುತ್ತದೆ.

ಒಂದು ನಿಯಮವನ್ನು ಪರೀಕ್ಷಿಸುವ ಕ್ರಮ ಹೀಗೆ. ಉದಾಹರಣೆಗೆಂದು, ಒಂದು ಕಚೇರಿ ಕಸಗುಡಿಸುವ ಹುದ್ದೆಗೂ ಗುಮಾಸ್ತನ ಹುದ್ದೆಗೂ ಮಲಯಾಳ ಲಿಖಿತ ಪರೀಕ್ಷೆ ಕಡ್ಡಾಯ ಮಾಡಿದೆ ಎಂದಿಟ್ಟುಕೊಳ್ಳಿ. ಮೊದಲು ಆಯ್ಕೆಯ ಪ್ರಮಾಣ ಬೇಕು. ಮಲಯಾಳ ಮಾಧ್ಯಮದ 100 ಅಭ್ಯರ್ಥಿಗಳಲ್ಲಿ 40 ಮಂದಿ ಪಾಸಾದರೆ ಶೇ. 40, ಕನ್ನಡ ಮಾಧ್ಯಮದ 50ರಲ್ಲಿ 12 ಮಂದಿ ಆದರೆ ಶೇ. 24. ಇಪ್ಪತ್ತನಾಲ್ಕನ್ನು ನಲವತ್ತರಿಂದ ಭಾಗಿಸಿದರೆ 0.6. ಅಮೆರಿಕದ 1978ರ ಮಾರ್ಗಸೂಚಿಯಂತೆ ಇದು 0.8ಕ್ಕಿಂತ ಕಡಿಮೆಯಾದರೆ ವಿಚಾರಣೆಗೆ ಯೋಗ್ಯ. ನಮ್ಮ ಕೋರ್ಟುಗಳಿಗೆ ಈ ಗೆರೆಯ ಕಟ್ಟುಪಾಡಿಲ್ಲ, ಆದರೆ ಲೆಕ್ಕ ಹಾಕುವ ದಾರಿ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಎಡವುವುದು ಎರಡು ಕಡೆ. ಅಭ್ಯರ್ಥಿಗಳು ಐದಾರು ಮಂದಿ ಮಾತ್ರ ಇದ್ದರೆ ಒಬ್ಬನ ಸೋಲು ಗೆಲುವೇ ಇಡೀ ಪ್ರಮಾಣವನ್ನು ತಿರುಗಿಸಿಬಿಡುತ್ತದೆ. ಕೆಲವು ವರ್ಷಗಳ ನೇಮಕಾತಿಯನ್ನು ಒಟ್ಟು ಸೇರಿಸಬೇಕು. ಎರಡನೆಯದು, ತಾಲೂಕಿನ ಒಟ್ಟು ಕನ್ನಡಿಗರ ಸಂಖ್ಯೆಯ ಜೊತೆ ಹೋಲಿಸುವುದು. ಹೋಲಿಸಬೇಕಾದ್ದು ಆ ಹುದ್ದೆಗೆ ಬೇಕಾದ ಅರ್ಹತೆ ಇದ್ದವರ ಜೊತೆ. 1977ರಲ್ಲಿ ಅಮೆರಿಕದ ಹೇಝಲ್‌ವುಡ್ ಶಾಲಾ ನೇಮಕಾತಿಯ ಪ್ರಕರಣದಲ್ಲಿ ಚರ್ಚೆಯಾದದ್ದು ಇದೇ.

ಆಮೇಲೆ, ಪರೀಕ್ಷೆ ಆ ಕೆಲಸಕ್ಕೆ ಬೇಕೇ ಎಂಬುದು. ಗುಮಾಸ್ತನಿಗೆ ಮಲಯಾಳ ಕಡತ ಓದಲು ಬರಬೇಕು, ಇದನ್ನು ಒಪ್ಪದಿದ್ದರೆ ವಾದ ಬೀಳುತ್ತದೆ. ಕಸಗುಡಿಸುವವನಿಗೆ ಲಿಖಿತ ಮಲಯಾಳ ಏಕೆಂದು ಕಚೇರಿಯೇ ಹೇಳಬೇಕು. ಗುಮಾಸ್ತನ ವಿಷಯದಲ್ಲೂ ಕಡಿಮೆ ಪೆಟ್ಟಿನ ದಾರಿ ಇದೆಯೇ ನೋಡಬೇಕು: ಮೊದಲು ನೇಮಕ, ಪ್ರೊಬೇಷನ್ ಅವಧಿಯೊಳಗೆ ಭಾಷಾ ಪರೀಕ್ಷೆ. ಕಾಲಾವಕಾಶ ಕೊಡುವುದು ಸಮಾನತೆಗೆ ವಿರೋಧವಲ್ಲ ಎಂಬುದಕ್ಕೆ ಥಾಮಸ್ ತೀರ್ಪಿನ ತರ್ಕ ಆಸರೆಯಾದೀತು.

ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಮಾಹಿತಿ ಹಕ್ಕು ಕಾಯ್ದೆಯಡಿ ತರಿಸಿಕೊಳ್ಳಬಹುದು. ಶುಲ್ಕ 10 ರೂಪಾಯಿ, ಕೋರ್ಟ್ ಫೀ ಸ್ಟಾಂಪು ಹಚ್ಚಿದರೆ ಆಗುತ್ತದೆ. ಉತ್ತರಕ್ಕೆ ಅವಧಿ 30 ದಿನ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರಕ್ಕೆ ತಮ್ಮ ಭಾಷೆಯಲ್ಲೇ ಬರೆಯಲು ಅವಕಾಶವಿದೆ, ಅರ್ಜಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ಕಾಣಿಸಿ. ‘ಕನ್ನಡಿಗರನ್ನು ಏಕೆ ಕಡೆಗಣಿಸಿದ್ದೀರಿ’ ಎಂದು ಬರೆದರೆ ಉತ್ತರ ಬಾರದು. ಇರುವ ದಾಖಲೆ ಕೊಡುವುದಷ್ಟೇ ಅಧಿಕಾರಿಯ ಕೆಲಸ, ಕಾರಣ ಹೇಳುವುದಲ್ಲ. ‘ಇಂಥ ಹುದ್ದೆಗೆ ಇಂಥ ವರ್ಷದಿಂದ ಇಂಥ ವರ್ಷದವರೆಗೆ ಅರ್ಜಿ ಹಾಕಿದವರು, ಪರೀಕ್ಷೆ ಬರೆದವರು, ಆಯ್ಕೆಯಾದವರು, ಮಾಧ್ಯಮವಾರು ಮತ್ತು ಪರಿಶಿಷ್ಟ ವರ್ಗವಾರು ಸಂಖ್ಯೆ, ಪರೀಕ್ಷೆ ಕಡ್ಡಾಯ ಮಾಡಿದ ಆದೇಶದ ಪ್ರತಿ ಹಾಗೂ ಅದರ ಕಡತದ ಟಿಪ್ಪಣಿಗಳು’ ಎಂದು ಕೇಳಿ. ಹೆಂಗಸರು ಗಂಡಸರ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ಕೇಳಿ, ಇಲ್ಲದಿದ್ದರೆ ಆ ಕೊರಗ ಹುಡುಗಿ ಈ ಪಟ್ಟಿಯಲ್ಲೂ ಸಿಗುವುದಿಲ್ಲ. ಮಾಧ್ಯಮವಾರು ಲೆಕ್ಕ ಇಟ್ಟಿಲ್ಲ ಎಂಬ ಉತ್ತರ ಬಂದರೆ ಅದನ್ನು ಎಸೆಯಬೇಡಿ. ಪರಿಣಾಮವನ್ನು ಯಾರೂ ಎಣಿಸಿ ನೋಡಿಲ್ಲ ಎಂಬುದಕ್ಕೆ ಅದೇ ಲಿಖಿತ ದಾಖಲೆ. 30 ದಿನದೊಳಗೆ ಮೊದಲ ಮೇಲ್ಮನವಿ ಹಾಕುವಾಗ ಅದರ ಪ್ರತಿಯನ್ನೇ ಲಗತ್ತಿಸಿ.

ಇತಿ ತಮ್ಮ ವಿಶ್ವಾಸಿಗಳು,
ಕಾನೂನು ಅಧ್ಯಾಪಕರು ಮತ್ತು ವಕೀಲರು ಕೆಲವರು,
ಕಾಸರಗೋಡು